ಚಿಕ್ಕದೇವರಾಜರ ಮಂತ್ರಿಸಭೆಯೂ ದಂಡಿನ ವೆಚ್ಚವೂ

ಅಂತರ್ಯುದ್ಧಕಾಲದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ದಂಡಿಗೆ ಹಣ ಕೂಡಿಸಿದ ಬಗೆಯು, 1643ರ ಸರಕುಸುಂಕ, 1645ರ ಹೊಸ ಸೈನ್ಯದ ಮಾಸಿಕ ತೆರಿಗೆ ಮೊದಲಾದುದು, ಅದರ ಶಾಸನಗಳಿಂದಲೇ ತಿಳಿಯುವುದು. ಅದೇ ಶತಮಾನದಲ್ಲಿ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ (1673–1704) ಮಂತ್ರಿಸಭೆಯ ವಿಷಯದಲ್ಲಿ ನಾವು ಬಹುಮಟ್ಟಿಗೆ ಗ್ರಂಥಗಳನ್ನೇ ಸಾಕ್ಷಿಗೆ ಕರೆಯಬೇಕಾಗಿದೆ.

ವಿಲ್ಕ್ಸನು 1810ರಲ್ಲಿ ಹೇಳಿದ ವೃತ್ತಾಂತವಿದು: ಶಾಸ್ತ್ರೋಕ್ತವಾದ ಆರನೆಯ ಒಂದು ಪಾಲನ್ನು ಹೆಚ್ಚಿಸದೆ, ಕಿರುತೆರಿಗೆಗಳನ್ನು ಹೇರಿ ಬೊಕ್ಕಸವನ್ನು ತುಂಬಿದರು, ರೈತರು ನೇಗಿಲನ್ನು ಊರಬಾಗಿಲಲ್ಲಿ ತಲೆಕೆಳಗಾಗಿ ತೂಗುಹಾಕಿ ದಂಗೆಯೆದ್ದರು, ನಂಜನಗೂಡಿನಲ್ಲಿ ನಾನೂರಕ್ಕೆ ಮಿಕ್ಕ ಜಂಗಮರ ವಧೆಯಾಯಿತು. ಆ ದ್ವೇಷಕ್ಕೆ ಮಂತ್ರಿ ವಿಶಾಲಾಕ್ಷಪಂಡಿತನು ಬಲಿಯಾದನು. ಯಳಂದೂರಿನ ಜೈನನಾದ ಈತನು, ಗುಂಡ್ಲುಪೇಟೆಯ ಬಳಿಯ ಹಂಗಳದಲ್ಲಿ ಅರಸರು ಎಳೆಯತನವನ್ನು ಕಳೆದಾಗಿನ ಒಡನಾಡಿ.

ಚಾಮರಾಜನಗರದ ಸೀಮೆಯ ಕನಕಗಿರಿಯ ದೇವಚಂದ್ರನೂ ‘ರಾಜಾವಳಿಕಥೆ’ಯಲ್ಲಿ (1838) ಈ ಪ್ರಸಂಗವನ್ನೆತ್ತಿರುವನು. ಆದರೆ ಇಬ್ಬರೂ ಶತಮಾನಕ್ಕೂ ಹಿಂದಿನದನ್ನು ಹೇಳುವವರು. ದೇವಚಂದ್ರನು ಮಂತ್ರಿಯ ಮತದವನೇ. ಆದುದರಿಂದ ಅವರು ಕೊಡುವ ಸಂಖ್ಯೆಗಳನ್ನು ಹಾಗೆಯೇ ನಂಬಲಾಗದು. ಕಥೆಯನ್ನು ಪೂರ್ತಿಯಾಗಿ ತಳ್ಳಿಹಾಕುವುದೂ ಸಲ್ಲದು.

ಸಮಕಾಲೀನನಾದ ತಿರುಮಲಾರ್ಯನಾದರೋ ಅದೇ ಸಭೆಯ ಸದಸ್ಯ. ಹತನಾದ ಮಂತ್ರಿಯ ಪೀಠಕ್ಕೆ ಬಂದವನು. ಬೊಕ್ಕಸದ ಗುಟ್ಟು ಅವನಿಗಿಂತ ಬಲ್ಲವರಾರು? ಆದರೂ ಅವನ ಕೃತಿಗಳ ಮುಖ್ಯದೃಷ್ಟಿ ದಿಗ್ವಿಜಯ, ವಂಶಸ್ತುತಿ, ವಿಷ್ಣುಭಕ್ತಿಗಳಲ್ಲಿಯೇ ನೆಲೆಸಿರುವುದು. ಇದನ್ನು ಕವಿಸಮಯವೆಂದು ಬಿಟ್ಟುಬಿಡುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಇದು ಅಧಿಕಾರಿಯ ಮೌನ. ‘ಅಪ್ರತಿಮವೀರಚರಿತೆ’ಯನ್ನು ಪಾಠಹೇಳುವ ಅಧ್ಯಾಪಕರು ಅಲಂಕಾರಲಕ್ಷಣದ ಜತೆಗೆ, ಆ ವೀರನ ದಂಡಿಗೆ ಸಂಬಳವಿತ್ತವರಾರೆಂಬ ಪ್ರಶ್ನೆಯನ್ನೂ ವಿದ್ಯಾರ್ಥಿಗಳ ಮುಂದಿಡಬೇಕು.