ನಾಣ್ಯದ ಹಿಮ್ಮುಖ



ತೆರಿಗೆಯ ಪ್ರಶ್ನೆಯ ಪ್ರಸಂಗವನ್ನು ಬಲಿಪೂಜೆಯಲ್ಲಿ ನೀವು ಎಷ್ಟೋ ಬಾರಿ ಆಲಿಸಿದ್ದೀರಿ. ಯೇಸುಸ್ವಾಮಿ ಒಂದು ದಿನಾರಿಯನ್ನು ತರಿಸಿ, ಅದರ ಮೇಲಿನ ಚಿತ್ರವೂ ಲಿಪಿಯೂ ಯಾರವೆಂದು ಕೇಳುತ್ತಾರೆ. ಉತ್ತರವನ್ನು ನಾವೆಲ್ಲರೂ ಬಲ್ಲೆವು. ನಾಣ್ಯವನ್ನು ನಿಟ್ಟಿಸಿ ನೋಡಿದವರು ಮಾತ್ರ ವಿರಳ. ನಮ್ಮ ಪ್ರಬೋಧನೆಗಳೂ ಸೀಸರನ ಹೆಸರು ಬಂದೊಡನೆ ಅದನ್ನು ಚೀಲಕ್ಕೆ ಮರಳಿಸಿಬಿಡುತ್ತವೆ.

ಶುಭಸಂದೇಶವು ಚಕ್ರವರ್ತಿಯ ಹೆಸರನ್ನು ಹೇಳುವುದಿಲ್ಲ. ಆದರೂ ಆಗ ಆಳುತ್ತಿದ್ದ ತಿಬೇರಿಯನ (ಕ್ರಿ.ಶ. 14–37) ಬೆಳ್ಳಿಯ ದಿನಾರಿಯೇ ಅದೆಂದು ಬಹುಕಾಲದಿಂದ ತಿಳಿಯಲಾಗಿದೆ. ಅದರ ತೂಕ ನಾಲ್ಕು ಗ್ರಾಮಿಗೂ ಕಡಿಮೆ. (ಇಂಥದೊಂದು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರ ಉತ್ಖನನದಲ್ಲಿಯೂ ದೊರೆತಿದೆ, ಬೆಳ್ಳಿಗೆ ಗಡಿಗಳಿರಲಿಲ್ಲ.)

ಮುಮ್ಮುಖದಲ್ಲಿ ಲಾರೆಲ್ ಎಲೆಗಳ ಮಾಲೆ ಧರಿಸಿದ ಶಿರ. ಪಕ್ಕದಿಂದ ಕಾಣುವ ಆ ಮುಖದ ರೇಖೆಗಳು ದೃಢವಾಗಿವೆ, ಕೆತ್ತಿದವನ ಕೈ ಪಳಗಿದ್ದು. ಸುತ್ತಲಿನ ಸಂಕ್ಷಿಪ್ತ ಲ್ಯಾಟಿನ್ ಲಿಪಿ ಆತನನ್ನು ದೈವೀ ಅಗಸ್ಟಸನ ಪುತ್ರನೆಂದು ಸಾರುತ್ತದೆ. ದತ್ತು ತಂದೆಯಾದ ಅಗಸ್ಟಸನನ್ನು ಆತನ ಮರಣಾನಂತರ, 14ರಲ್ಲಿ, ರೋಮಿನ ಸೆನೆಟ್ ದೇವರ ಸಾಲಿಗೆ ಸೇರಿಸಿತ್ತು. ಯಾವುದೇ ಮೂರ್ತಿಯನ್ನು ಸಹಿಸದ ದೇವಾಲಯದ ಆವರಣದಲ್ಲಿ ಇಂಥ ನಾಣ್ಯ ಹೊರಬಂದದ್ದು ಪ್ರಶ್ನೆ ಕೇಳಿದವರ ಬಳಿಯಿಂದ. ಸ್ವಾಮಿಯೋ ಅದನ್ನು ತರಿಸಿ ನೋಡಬೇಕಾಯಿತು.

ಈಗ ನಾಣ್ಯವನ್ನು ತಿರುಗಿಸೋಣ. ನನ್ನ ಮನಸ್ಸಿಗೆ ಹೆಚ್ಚು ನಾಟುವುದು ಈ ಬದಿಯೇ. ಇಲ್ಲಿ ಪೀಠದ ಮೇಲೆ ಒಬ್ಬ ಸ್ತ್ರೀ ಕುಳಿತಿದ್ದಾಳೆ. ಒಂದು ಕೈಯಲ್ಲಿ ಉದ್ದನೆಯ ದಂಡ, ಇನ್ನೊಂದರಲ್ಲಿ ಎಲೆಗಳ ರೆಂಬೆ. ಆಕೆ ಶಾಂತಿದೇವತೆಯೆಂದೂ, ಆ ರೂಪದಲ್ಲಿರುವವಳು ತಿಬೇರಿಯನ ತಾಯಿ ಲಿವಿಯಳೆಂದೂ ಹಲವರ ಊಹೆ. ಕಲೆಯಾಗಿ ನೋಡಿದರೆ ಮುಮ್ಮುಖಕ್ಕೆ ಇದು ಸಾಟಿಯಲ್ಲ. ಆಕೃತಿ ಬಿಗಿದುಕೊಂಡಿದೆ, ಮುಖದಲ್ಲಿ ಭಾವವಿಲ್ಲ. ಆದರೆ ಏನನ್ನು ಬಿಡಲಾಗಿದೆ ಎಂಬುದನ್ನು ಗಮನಿಸಿ. ಖಡ್ಗವಿಲ್ಲ, ಸೈನಿಕನಿಲ್ಲ, ಸೆರೆಯಾಳಿಲ್ಲ. ದಂಡಯಾತ್ರೆಗಳ ಸೈನಿಕರಿಗೆ ಸಂಬಳವಾಗಿ ಸಲ್ಲುತ್ತಿದ್ದ ನಾಣ್ಯ ಮನೆಯೊಡತಿಯಂತೆ ಶಾಂತವಾಗಿ ಕುಳಿತಿದೆ. ಹೆಚ್ಚಿನ ಬದಲಾವಣೆಯಿಲ್ಲದೆ ಇದೇ ಚಿತ್ರವನ್ನು ವರ್ಷಾನುವರ್ಷ ಅಚ್ಚೊತ್ತಲಾಯಿತು. ನಿತ್ಯ ಕೈಬದಲಾಗುವ ವಸ್ತುವಿನ ಮಾತನ್ನು ಯಾರೂ ಪರೀಕ್ಷಿಸುವುದಿಲ್ಲ. ಹಾಗೆಯೇ ಅದು ನಂಬಿಕೆಯಾಗುತ್ತದೆ.

ಆಕೆಯ ಇಕ್ಕೆಲದ ಲಿಪಿ ಚಕ್ರವರ್ತಿಯನ್ನು ಮಹಾಯಾಜಕನೆಂದು ಕರೆಯುತ್ತದೆ. ರೋಮಿನ ದೇವಾಲಯಗಳ ಗೋಡೆಗಳಲ್ಲಿ ಅದೇ ಪದವು ಜಗದ್ಗುರುಗಳ ಹೆಸರಿನೊಡನೆ ಕೆತ್ತಿರುವುದನ್ನು ಯಾತ್ರಿಕರು ಇಂದಿಗೂ ಕಾಣಬಹುದು. ನನಗಂತೂ ಅದು ಸ್ವಲ್ಪ ಇರಿಸುಮುರಿಸಿನ ಸಂಗತಿಯೇ.

ದೇವಪುತ್ರ, ಶಾಂತಿ, ಮಹಾಯಾಜಕ: ನಾವು ಕ್ರಿಸ್ತರಿಗೆ ಸಲ್ಲಿಸುವ ಮೂರೂ ಹೆಸರುಗಳು ಆ ಪುಟ್ಟ ಬಿಲ್ಲೆಯ ಮೇಲೆ ಬೇರೊಬ್ಬನ ಪಾಲಾಗಿದ್ದವು. ಅದನ್ನು ನೋಡಿ ಸ್ವಾಮಿ ಕೇಳಿದ್ದು ಒಂದೇ ಪ್ರಶ್ನೆ. ಕೆಲವೇ ದಿನಗಳ ನಂತರ, ತಿಬೇರಿಯನ ಅಧಿಕಾರಿ ಪಿಲಾತನು ಅದೇ ನಗರದಲ್ಲಿ ಆ ಶಾಂತಿಯ ಹೆಸರಿನಲ್ಲಿಯೇ ಅವರಿಗೆ ಶಿಲುಬೆಯ ತೀರ್ಪಿತ್ತನು.