ಸ್ಯಾಂಕಿಯ ಕೆಂಪು

ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯ ಖಟ್ಲೆಗಳಿಗೆ 2008ರಿಂದ ಧಾರವಾಡದಲ್ಲೇ ಹೈಕೋರ್ಟ್ ಪೀಠವಿದೆ. ಆದ್ದರಿಂದ ಬೆಂಗಳೂರಿನಲ್ಲಿ ಹೈಕೋರ್ಟ್ ನಡೆಯುವ ಅಠಾರ ಕಚೇರಿಯ ಮುಂದೆ ಹೋಗಿ ನಿಲ್ಲಲು ನನಗೆ ಯಾವ ವ್ಯಾಜ್ಯದ ನೆಪವೂ ಇಲ್ಲ. ಬರೀ ಕಣ್ಣಿನ ಸುಖಕ್ಕೆ ಹೋಗುತ್ತೇನೆ. ಕಬ್ಬನ್ ಪಾರ್ಕಿನೊಳಗಿಂದಲೇ ನಡೆದು ಬರಬೇಕು. ಬಿದಿರು ಮೆಳೆ, ಹಳೆಯ ಮರಗಳ ತಂಪು ನೆರಳು ದಾಟುತ್ತಿದ್ದಂತೆ ಎಲೆಗಳ ಸಂದಿಯಲ್ಲಿ ಮೊದಲು ಆ ಕೆಂಪು ಇಣುಕುತ್ತದೆ. ಜೋಯಿಡಾದ ಮಳೆಯಲ್ಲಿ ನೆನೆದ ಜಂಬಿಟ್ಟಿಗೆಯ ಕೆಂಪಲ್ಲ ಅದು; ಅದಕ್ಕಿಂತ ಬೆಚ್ಚಗಿನ, ಬಿಸಿಲನ್ನು ಕುಡಿದು ಮಾಗಿದ ಕೆಂಪು.

ಈ ಕೆಂಪು ಕಟ್ಟಡವನ್ನು ರೂಪಿಸಿದವನು ರಿಚರ್ಡ್ ಹಿರಾಮ್ ಸ್ಯಾಂಕಿ. 1829ರಲ್ಲಿ ಐರ್ಲೆಂಡಿನ ಟಿಪ್ಪರೇರಿ ಸೀಮೆಯಲ್ಲಿ ಹುಟ್ಟಿದವನು. ಮದ್ರಾಸ್ ಎಂಜಿನಿಯರ್ಸ್ ಪಡೆಯ ಮೂಲಕ ಇಲ್ಲಿಗೆ ಬಂದು, ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದವನು. ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿದ್ದ ಸರ್ಕಾರಿ ಇಲಾಖೆಗಳಿಗಾಗಿ 1864ರಿಂದ 1868ರವರೆಗೆ ಈ ಕಟ್ಟಡ ಮೇಲೆದ್ದಿತು. ಕಟ್ಟಿಸಿದ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್. ಆ ಹೆಸರನ್ನೂ ನಾನು ಸ್ಯಾಂಕಿಯಷ್ಟೇ ಪ್ರೀತಿಯಿಂದ ಹೇಳುತ್ತೇನೆ, ಗೆರೆ ಎಳೆದ ಕೈಗೆ ಗಾರೆ ಕಲಸಿದ ಕೈ ಸಿಗದಿದ್ದರೆ ಇದೆಲ್ಲ ಕಾಗದದಲ್ಲೇ ಉಳಿಯುತ್ತಿತ್ತು.

ಎರಡೇ ಅಂತಸ್ತು. ಎತ್ತರದ ಹಂಬಲವಿಲ್ಲ, ಉದ್ದಕ್ಕೆ, ನಿಧಾನವಾಗಿ, ಚಾಚಿಕೊಂಡೇ ಹೋಗುತ್ತದೆ. ಕಣ್ಣು ದಣಿಯಬಹುದು ಅನ್ನುವಷ್ಟರಲ್ಲಿ ಒಂದು ಮುಖಮಂಟಪ ಮುಂದೆ ಬಂದು ನಿಲ್ಲುತ್ತದೆ: ನಡುವೆ ಒಂದು, ಎರಡೂ ತುದಿಗಳಲ್ಲಿ ಒಂದೊಂದು. ಅವುಗಳನ್ನು ಹೊತ್ತಿರುವುದು ಅಯೋನಿಕ್ ಶೈಲಿಯ ಕಂಬಗಳು. ಕಂಬದ ತಲೆಯನ್ನು ಸ್ವಲ್ಪ ಹೊತ್ತು ನೋಡಿ. ಎಡಕ್ಕೊಂದು, ಬಲಕ್ಕೊಂದು ಸುರುಳಿ. ತೋಟದ ಹಳ್ಳದ ಬದಿಯ ಜರಿಗಿಡ ಇನ್ನೂ ಬಿಚ್ಚಿಕೊಳ್ಳದ ಎಳೆಚಿಗುರನ್ನು ಸುತ್ತಿಟ್ಟುಕೊಂಡ ಹಾಗೆ. ಇಷ್ಟೊಂದು ಭಾರ ಹೊತ್ತ ಕಂಬಕ್ಕೆ ಎಂಥ ಮೃದುವಾದ ಮುಡಿ!

ಎದುರಿಗೇ 1956ರ ವಿಧಾನಸೌಧ, ಬೂದುಗಲ್ಲಿನ ಭವ್ಯತೆ. ಅದು ತಲೆಯೆತ್ತಿಸುತ್ತದೆ, ಇದು ಪಕ್ಕದಲ್ಲಿ ನಡೆಸುತ್ತದೆ. ನನಗೆ ನಡೆಸುವ ಕಟ್ಟಡವೇ ಹೆಚ್ಚು ಇಷ್ಟ. 1980ರ ದಶಕದಲ್ಲಿ ಇದನ್ನು ಕೆಡವುವ ಮಾತು ಬಂದಾಗ ಬೆಂಗಳೂರಿನ ಜನ ಹೋರಾಡಿ ಉಳಿಸಿಕೊಂಡರು; ಅವರಿಗೆ ನಮಸ್ಕಾರ.

ಸ್ಯಾಂಕಿಗೆ ಗೋಡೆಯಷ್ಟೇ ಬಯಲೂ ಮುಖ್ಯ. 1870ರಲ್ಲಿ ಕಬ್ಬನ್ ಪಾರ್ಕನ್ನು ಯೋಜಿಸಿದವನೂ ಅವನೇ. ಹಸಿರು ಪಕ್ಕದಲ್ಲಿದ್ದರೇ ಕೆಂಪಿಗೆ ಕಳೆ. ನೀರಿನ ಬಗೆಗೂ ಅವನಿಗೆ ಅದೇ ಕಣ್ಣು. ಮುಂಡಗೋಡಿನ ಕೆರೆ ಏರಿಗಳ ಮೇಲೆ ಓಡಾಡಿದ ನನಗೆ ಅವನ ಬಗ್ಗೆ ಗೌರವ ಇಮ್ಮಡಿಯಾದದ್ದು ಇಲ್ಲಿಯೇ: ಮೈಸೂರು ಸೀಮೆಯ ಬಹುಭಾಗವನ್ನು ಜನರು ಆಗಲೇ ಕೆರೆಗಳ ಸರಪಣಿಯಲ್ಲಿ ಹೆಣೆದಿದ್ದಾರೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಅವನು 1866ರಲ್ಲೇ ಬರೆದಿದ್ದ. ಹೊರಗಿನಿಂದ ಬಂದ ಎಂಜಿನಿಯರ್ ಕೆರೆ ಕಟ್ಟಿದ ನಮ್ಮ ಮಣ್ಣುವಡ್ಡರ ಜಾಣ್ಮೆಯನ್ನು ಗುರುತಿಸಿದ್ದ! 1882ರಲ್ಲಿ ಮಲ್ಲೇಶ್ವರದ ಬದಿಯಲ್ಲಿ ರೂಪುಗೊಂಡ ಕೆರೆ ಅವನ ಹೆಸರನ್ನೇ ಹೊತ್ತಿದೆ.

ಕಸ್ತೂರಬಾ ರಸ್ತೆಯ 1877ರ ಸರ್ಕಾರಿ ವಸ್ತುಸಂಗ್ರಹಾಲಯವೂ ಅವನದೇ ವಿನ್ಯಾಸ. ಅದೇ ಕೆಂಪು, ಆದರೆ ಕಂಬಗಳ ತಲೆಯಲ್ಲಿ ಈ ಸಲ ಕೊರಿಂಥಿಯನ್ ಎಲೆಗಳು. ಗಡಿಬಿಡಿ ಮಾಡದೆ ಹೊರಗಿನಿಂದ ಒಂದು ಸುತ್ತು ಬನ್ನಿ. ಆಮೇಲೆ ಅಲ್ಲಿನ ಆತಕೂರು ವೀರಗಲ್ಲನ್ನು ನೋಡಿ: ಹತ್ತನೆಯ ಶತಮಾನದ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯ ಮೇಲೆ ಎರಗುತ್ತಿದೆ, ಕಲ್ಲಿನಲ್ಲೂ ಅದರ ರೋಷ ಆರಿಲ್ಲ.