ಕಲ್ಲಿನಡಿಯ ಬೇಟೆಗಾರ

ಮಾನೇಸರದ ಕಾರ್ಖಾನೆಗಳಾಚೆ ಚಾಚಿಕೊಂಡಿರುವ ಅರಾವಳಿಯ ಒಣಗುಡ್ಡಗಳಲ್ಲಿ ಮಳೆಗಾಲದಲ್ಲಿ ಮಾತ್ರ ಹರಿದು ಬತ್ತುವ ಹಳ್ಳಗಳನ್ನು ಕಂಡವರಿಗೆ, ಡಾಬ್ಸನ್ ನೊಣವು ಇಲ್ಲಿ ನೆಲೆಸುವುದು ಏಕೆ ದುಸ್ಸಾಧ್ಯವೆಂಬುದು ಸುಲಭವಾಗಿ ವೇದ್ಯವಾಗುವುದು. ಅದರ ಮರಿಹುಳುವಾದರೋ ನಿರಂತರವಾಗಿ ಹರಿಯುವ, ಪ್ರಾಣವಾಯುಸಮೃದ್ಧವಾದ ನೀರಿನಲ್ಲಿ ವರ್ಷಗಟ್ಟಲೆ ಬಾಳಬೇಕಾದ ಜೀವಿ. ಅದನ್ನು ನೋಡಬಯಸುವವರು ಹಿಮಾಲಯದ ತೊರೆಗಳಿಗೋ ನಮ್ಮ ಪಶ್ಚಿಮಘಟ್ಟದ ಹೊಳೆಗಳಿಗೋ ಹೋಗತಕ್ಕದ್ದು.

ಹೆಸರಿಗೆ ನೊಣವಾದರೂ ಇದು ನೊಣಗಳ ಕುಲದ್ದಲ್ಲ. ನಾಲ್ಕು ರೆಕ್ಕೆಗಳುಳ್ಳ, ಮೆಗಲಾಪ್ಟೆರಾ ಎಂಬ ಪುರಾತನ ಗಣದ್ದು. ಆದರೆ ನನ್ನ ಮೆಚ್ಚುಗೆಯೆಲ್ಲವೂ ಮರಿಹುಳುವಿಗೇ ಸಲ್ಲುವುದು. ಉದರದ ಇಕ್ಕೆಲಗಳಲ್ಲಿ ಎಂಟೆಂಟು ನೀಳ ತಂತುಗಳು, ಅವುಗಳಲ್ಲಿ ಬಹುಪಾಲಿನ ಬುಡದಲ್ಲಿ ಕುಚ್ಚಿನಂತಹ ಕಿವಿರುಗಳು, ಹಿಂತುದಿಯಲ್ಲಿ ಎರಡು ಮೋಟುಗಾಲುಗಳು, ಒಂದೊಂದರಲ್ಲಿಯೂ ಎರಡೆರಡು ಕೊಕ್ಕೆಗಳು: ಪ್ರವಾಹವು ಎಷ್ಟೇ ರಭಸದಿಂದ ಸೆಳೆದರೂ ಕಲ್ಲನ್ನು ಬಿಡದಂತೆ ಹಿಡಿದು, ಬಳಿಗೆ ಬಂದ ಜಲಕೀಟಗಳನ್ನು ಬಲಿಷ್ಠವಾದ ದವಡೆಗಳಿಂದ ಕಚ್ಚಿ ತಿನ್ನುವುದಕ್ಕೆ ಇದಕ್ಕಿಂತ ಸಮರ್ಪಕವಾದ ಸಜ್ಜು ಬೇರೆ ಯಾವುದಿದೆ! ಹತ್ತಿರದ ಬಂಧುವಾದ ಫಿಶ್‌ಫ್ಲೈಯ ಮರಿಗೆ ತಂತುಗಳುಂಟು, ಕಿವಿರಿನ ಕುಚ್ಚುಗಳಿಲ್ಲ.

ಬೆಳೆದ ಮರಿಯು ನೀರನ್ನು ತೊರೆದು ದಡದ ಮಣ್ಣಿನಲ್ಲಿ ಕೋಶಾವಸ್ಥೆಗೆ ಸೇರುವುದು. ಹೊರಬಂದ ಪ್ರೌಢಕೀಟದ ಆಯುಸ್ಸು ಅತ್ಯಲ್ಪ. ಕೆಲವು ಪ್ರಭೇದಗಳ ಗಂಡಿಗೆ ಕತ್ತಿಗಳಂತೆ ಚಾಚಿದ ಭಯಂಕರ ದವಡೆಗಳಿರುವುವು. ವಿನೋದವೆಂದರೆ, ಅವುಗಳಿಂದ ಬಲವಾಗಿ ಕಚ್ಚಲಾರದು, ಗಿಡ್ಡ ದವಡೆಯ ಹೆಣ್ಣೇ ಹೆಚ್ಚು ನೋಯಿಸಬಲ್ಲುದು. ಹೆಣ್ಣು ನೀರಿನ ಮೇಲೆ ಬಾಗಿದ ಎಲೆ, ಬಂಡೆಗಳ ಮೇಲೆ ಮೊಟ್ಟೆಗಳ ರಾಶಿಯನ್ನಿಡುವುದು. ಒಡೆದು ಬಂದ ಮರಿಗಳು ನೇರವಾಗಿ ಹೊಳೆಗೆ ಬೀಳುವುವು.

ಘಟ್ಟದ ಹೊಳೆಗಿಳಿದ ಓದುಗರು ಕಲ್ಲೊಂದನ್ನು ಎತ್ತಿ ನೋಡಿದರೆ, ಅದನ್ನು ಇದ್ದಂತೆಯೇ ಮರಳಿ ಇಡಬೇಕೆಂದು ಪ್ರಾರ್ಥನೆ.